ಫ್ರೀಯಾಗಿ ಬರ್ಕೊಡಿ ಅನ್ನೋ ಸಲಹೆ ಬಗ್ಗೆ

ಪತ್ರಿಕೆಗಳಿಗೆ ದುಡ್ಡಿಗೆ ಲೇಖನ ಬರೆಯಕ್ಕೆ ಹೊರಟ ಹೊಸಬರಿಗೆ ಅಂತ ನೀವು ಹಾಕಿರೋ ಪೋಸ್ಟ್‌ನಲ್ಲಿ ಮಿಕ್ಕಿದ್ದೆಲ್ಲ ಓಕೆ, ಆದ್ರೆ ಶುರುವಲ್ಲಿ ಯಾರು ಕೇಳಿದ್ರೂ ಫ್ರೀಯಾಗಿ ಬರ್ಕೊಡಿ, ಹೆಸರು ಬಂದ್ಮೇಲೆ ದುಡ್ಡು ತಾನಾಗೇ ಬರುತ್ತೆ ಅಂದಿದೀರಲ್ಲ, ಅದು ಮಾತ್ರ ಸುತಾರಾಂ ಒಪ್ಪಲ್ಲ. ಪುಕ್ಕಟೆ ಬರೆಸ್ಕೊಂಡೋರು ಮುಂದಿನ ಸಲ ದುಡ್ಡು ಕೇಳಿದ ತಕ್ಷಣ ಇನ್ನೊಬ್ಬ ಹೊಸಬರನ್ನ ಹುಡುಕ್ಕೋತಾರೆ, ನಂಗೂ ಹಂಗೇ ಆಗಿದೆ. ಎಡಿಟರ್ ನೋಡೋದು ಇವ್ರಿಗೆ ಬರೆಯಕ್ಕೆ ಬರುತ್ತಾ ಅಂತ, ಅದಕ್ಕೆ ನಿಮ್ಮ ಪಾಡಿಗೆ ನೀವೇ ಬರೆದಿಟ್ಕೊಂಡ ಎರಡ್ಮೂರು ಒಳ್ಳೆ ಸ್ಯಾಂಪಲ್ ಸಾಕು. ವರದಿ ಥರದ ಲೇಖನಕ್ಕಂತೂ ಪೂರ್ತಿ ಬರೆದು ಕಳಿಸ್ಬೇಕಂತಾನೂ ಇಲ್ಲ, ವಿಷಯ ಏನು, ಈಗ್ಲೇ ಯಾಕೆ, ಯಾರನ್ನ ಮಾತಾಡಿಸ್ತೀರಿ ಅಂತ ಒಂದು ಪುಟ್ಟ ಪಿಚ್ (ಅಂದ್ರೆ ಲೇಖನದ ಐಡಿಯಾ ಹೇಳೋ ಟಿಪ್ಪಣಿ) ಕಳಿಸಿದ್ರೆ ಸಾಮಾನ್ಯವಾಗಿ ನಡೆಯುತ್ತೆ (ಪ್ರಬಂಧ, ಹಾಸ್ಯ ಆದ್ರೆ ಪೂರ್ತಿ ಕೇಳ್ತಾರೆ, ಅದು ಬೇರೆ).

ಇನ್ನೊಂದು, ರೇಟ್ ಬಗ್ಗೆ ಅಷ್ಟುದ್ದ ಬರೆದು ದುಡ್ಡು ಯಾವಾಗ ಕೈಗೆ ಬರುತ್ತೆ ಅನ್ನೋದನ್ನೇ ಬಿಟ್ಬಿಟ್ಟಿದೀರ! ಲೇಖನ ಒಪ್ಕೊಂಡಾಗ ಕೊಡ್ತಾರಾ ಇಲ್ಲ ಪ್ರಕಟ ಆದ್ಮೇಲಾ? ಎರಡನೇದಾದ್ರೆ ತಿಂಗಳುಗಟ್ಲೆ ಕಾಯ್ಬೇಕಾಗ್ಬೋದು, ಕಡೆಗೆ ಹಾಕದೇನೂ ಇರ್ಬೋದು, ಅದಕ್ಕೇ ಬರೆಸಿ ಕೈಬಿಟ್ರೆ ಅರ್ಧನಾದ್ರೂ ಕೊಡ್ತೀರಾ ಅಂತ ಮೊದ್ಲೇ ಮೇಲ್‌ನಲ್ಲಿ ಕೇಳಿ ಇಟ್ಕೊಳ್ಳೋದು, ಎಷ್ಟು ಸಲ ತಿದ್ದಿಸ್ತಾರೆ ಅನ್ನೋದೂ ಅದ್ರಲ್ಲೇ ಇರ್ಲಿ. ಹಕ್ಕುಗಳನ್ನಂತೂ ಓದ್ದೆ ಸೈನ್ ಹಾಕ್ಬೇಡಿ. ಮೊದಲ ಪ್ರಕಟಣೆ ಹಕ್ಕು ಮಾತ್ರ ಕೊಟ್ಟಿದ್ರೆ ಅದೇ ಬರಹನ ಆಮೇಲೆ ಪುಸ್ತಕಕ್ಕೆ ಹಾಕ್ಕೋಬೋದು, ಎಲ್ಲಾ ಹಕ್ಕೂ ಅವ್ರಿಗೇ ಬರ್ಕೊಟ್ಬಿಟ್ರೆ ನಿಮ್ಮ ಲೇಖನಕ್ಕೆ ನೀವೇ ಪರ್ಮಿಶನ್ ಕೇಳ್ಬೇಕು.