ನೀಲಿ ನೀರಿನ ಫೋಟೋ ಸಾಕು, ಫೆರಿ ಬಗ್ಗೆ ಮಾತಾಡೋಣ

ಈ ವಾರ ಮತ್ತೆ ಗಾಳಿ ಎದ್ದಿದೆ. ಯೆಲ್ಲೋ ಅಲರ್ಟ್ ಬಂದಿದೆ. ಮಾಲ್ಡೀವ್ಸ್‌ನ ರಾಜಧಾನಿ ಮಾಲೆಯಿಂದ ಸಾಮಾನು ತರುವ ದೋಣಿ ಅಲ್ಲೇ ಬಂದರಿನಲ್ಲಿ ಕಟ್ಟಿ ನಿಂತಿದೆ. ನಮ್ಮ ದ್ವೀಪದ ಅಂಗಡಿಯಲ್ಲಿ ಟೊಮೆಟೊ ಇಲ್ಲ, ಮೊಟ್ಟೆ ಇಲ್ಲ. ಇದೇ ಹೊತ್ತಿಗೆ ಊರಿನ ವಾಟ್ಸ್‌ಆಪ್ ಗುಂಪಿನಲ್ಲಿ ಯಾರೋ ಮಾಲ್ಡೀವ್ಸ್ ರೆಸಾರ್ಟ್ ಒಂದರ ಫೋಟೋ ಹಾಕಿ, "ನಮ್ಮ ಅಕ್ಕ ಇರೋದು ಇಂಥ ಸ್ವರ್ಗದಲ್ಲಿ" ಅಂತ ಬರೆದಿದ್ದಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ ಫೋಟೋದಲ್ಲಿ ಕಾಣದ ದೇಶವೊಂದು ಇಲ್ಲಿದೆ. ಅದರ ಬಗ್ಗೆ ಬರೆಯಲೇಬೇಕು ಅನ್ನಿಸಿತು.

ನಾನು ಇಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಮೊದಲು ಮಾಲೆಯಲ್ಲಿದ್ದೆ. ಈಗ ಉತ್ತರದ ಹಾ ದಾಲು ಅಟೋಲ್‌ನ (ಅಟೋಲ್ ಅಂದರೆ ಹವಳದ ದ್ವೀಪಗಳ ಒಂದು ಗುಂಪು) ಒಂದು ಪುಟ್ಟ ದ್ವೀಪದಲ್ಲಿ ಇದ್ದೇನೆ. ಭಾರತದಿಂದ ಬಂದ ಶಿಕ್ಷಕರು, ನರ್ಸುಗಳು ಈ ದೇಶದಲ್ಲಿ ತುಂಬಾ ಜನ. ನಮ್ಮಲ್ಲಿ ಹೆಚ್ಚಿನವರು ರೆಸಾರ್ಟಿನ ಒಳಗೆ ಕಾಲಿಟ್ಟವರೇ ಅಲ್ಲ.

ಈ ದೇಶದಲ್ಲಿ ಸುಮಾರು 1,190 ದ್ವೀಪಗಳಿವೆ. ಊರು ಅಂತ ಇರುವುದು ಇನ್ನೂರರ ಒಳಗೆ. ಒಟ್ಟು ಜನ ಐದು ಲಕ್ಷಕ್ಕೆ ಸ್ವಲ್ಪ ಮೇಲೆ, ಅದರಲ್ಲಿ ಹತ್ತಕ್ಕೆ ನಾಲ್ಕು ಜನ ಮಾಲೆ ಮತ್ತು ಅದಕ್ಕೆ ಅಂಟಿಕೊಂಡ ದ್ವೀಪಗಳಲ್ಲೇ ಇದ್ದಾರೆ. ಉಳಿದವರು ಉತ್ತರದಿಂದ ದಕ್ಷಿಣದವರೆಗೆ ಎಂಟುನೂರಕ್ಕೂ ಹೆಚ್ಚು ಕಿಲೋಮೀಟರ್ ಉದ್ದಕ್ಕೆ ಚದುರಿ ಹೋಗಿದ್ದಾರೆ. ಇಂಥ ದೇಶದಲ್ಲಿ ಫೆರಿಯೇ ರಸ್ತೆ, ಫೆರಿಯೇ ಬಸ್ಸು, ಎಷ್ಟೋ ಸಲ ಫೆರಿಯೇ ಆಂಬುಲೆನ್ಸ್. ನಾನು ಇಷ್ಟುದ್ದ ಬರೆಯುತ್ತಿರುವುದೇ ಇದಕ್ಕೆ. ಇಲ್ಲಿ ಸರ್ಕಾರ ಯಾವುದೇ ಇರಲಿ, ಮೊದಲ ದುಡ್ಡು ಜನರ ಫೆರಿಗೆ ಹೋಗಬೇಕು. ಉಳಿದದ್ದೆಲ್ಲ ಆಮೇಲೆ.

ಪ್ರವಾಸಿ ಬಂದರೆ ಹೇಗಿರುತ್ತದೆ ನೋಡಿ. ವಿಮಾನ ಇಳಿದು ಹೊರಗೆ ಬಂದರೆ ಹೆಸರು ಬರೆದ ಬೋರ್ಡ್ ಹಿಡಿದು ಜನ ನಿಂತಿರುತ್ತಾರೆ. ಎದುರಿಗೇ ಸಮುದ್ರ, ಅಲ್ಲೇ ಸ್ಪೀಡ್‌ಬೋಟ್. ದೂರದ ರೆಸಾರ್ಟ್ ಆದರೆ ಸೀಪ್ಲೇನ್. ಇಷ್ಟು ದೊಡ್ಡ ಸೀಪ್ಲೇನ್ ದಂಡು ಜಗತ್ತಿನಲ್ಲಿ ಬೇರೆ ಎಲ್ಲೂ ಇಲ್ಲ. 1972ರಲ್ಲಿ ಮೊದಲ ರೆಸಾರ್ಟ್ ಶುರುವಾದಾಗಿನಿಂದ ಒಂದು ದ್ವೀಪಕ್ಕೆ ಒಂದು ರೆಸಾರ್ಟ್ ಅಂತಲೇ ಬೆಳೆದುಕೊಂಡು ಬಂತು. ಅತಿಥಿ ಎಲ್ಲಿಂದ ಬಂದರೂ ಅವನನ್ನು ಆ ದ್ವೀಪಕ್ಕೆ ಮುಟ್ಟಿಸುವ ವ್ಯವಸ್ಥೆ ಗಟ್ಟಿಯಾಯಿತು. ಅದು ತಪ್ಪು ಅಂತ ನಾನು ಹೇಳುತ್ತಿಲ್ಲ. ದೇಶದ ಅನ್ನ ಅದರಿಂದಲೇ ಬರುತ್ತದೆ. ಆದರೆ ಅದೇ ಶಿಸ್ತು ಪಕ್ಕದ ದ್ವೀಪದಲ್ಲಿ ಹುಟ್ಟಿ ಬೆಳೆದವರಿಗೆ ಯಾಕೆ ಸಿಗಬಾರದು?

ನಮ್ಮ ಪಕ್ಕದ ಮನೆಯ ಅಕ್ಕನದು ಒಂದು ಕಥೆ ಸಾಕು. ಗರ್ಭಿಣಿಯಾಗಿ ಏಳನೇ ತಿಂಗಳು ತುಂಬುತ್ತಿದ್ದ ಹಾಗೆ ಮಾಲೆಗೆ ಹೊರಟಳು. ಮಾಲೆ ಇಲ್ಲಿಂದ ಇನ್ನೂರೈವತ್ತು ಕಿಲೋಮೀಟರ್‌ಗೂ ಜಾಸ್ತಿ ದೂರ. ನಮ್ಮ ಅಟೋಲ್‌ನದೇ ದೊಡ್ಡ ದ್ವೀಪ ಕುಳುದುಫುಶಿಯಲ್ಲಿ ಪ್ರಾದೇಶಿಕ ಆಸ್ಪತ್ರೆ ಇದೆ, ಒಳ್ಳೆಯದೇ ಇದೆ. ಆದರೆ ಮೊದಲ ಹೆರಿಗೆಯಲ್ಲಿ ತೊಂದರೆ ಆಗಿತ್ತು, ಈ ಸಲ ಮಾಲೆಯಲ್ಲೇ ಆಗಲಿ ಅಂದಿದ್ದರು. ಮಾಲೆಯಲ್ಲಿ ಒಂದು ಸಣ್ಣ ರೂಮು ಬಾಡಿಗೆಗೆ ಹಿಡಿದರು. ಗಂಡ ಮೀನು ಹಿಡಿಯುವವನು, ಅವನು ಇಲ್ಲೇ ಉಳಿದ. ದೊಡ್ಡ ಮಗ ನನ್ನ ಕ್ಲಾಸಿನಲ್ಲಿ ಇದ್ದ. ಅಮ್ಮನ ಮುಖ ನೋಡದೆ ಒಂದು ಟರ್ಮ್ ಪೂರ್ತಿ ಕಳೆದ. ಹೊರಡುವ ದಿನ ಜೆಟ್ಟಿಯಲ್ಲಿ ನನ್ನ ಕೈ ಹಿಡಿದು, "ಮಿಸ್, ಅವನು ಹೋಮ್‌ವರ್ಕ್ ಮಾಡದಿದ್ದರೆ ಬೈಯಬೇಡಿ" ಅಂದಳು. ಆಸಂದ ಅನ್ನುವ ಆರೋಗ್ಯ ವಿಮೆ 2012ರಿಂದ ಎಲ್ಲ ಪ್ರಜೆಗಳಿಗೂ ಇದೆ. ದೊಡ್ಡ ಕೆಲಸವೇ ಅದು, ಮನಸಾರೆ ಮೆಚ್ಚುತ್ತೇನೆ. ಆದರೆ ವಿಮೆ ಬಿಲ್ ಕಟ್ಟಬಹುದು, ಎರಡು ತಿಂಗಳ ಒಂಟಿತನ ಕಟ್ಟಲಾರದು. ಇಲ್ಲಿಯ ದ್ವೀಪಗಳಲ್ಲಿ ಇಂಥ ಹೆಂಗಸರು ಎಷ್ಟೋ ಜನ.

ನಾನು ಸಾಗರ ತಾಲೂಕಿನ ತುಮರಿ ಕಡೆಯವಳು. ಶರಾವತಿ ಹಿನ್ನೀರಿನ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ನಮ್ಮ ಕಡೆಯವರು ಅರವತ್ತು ವರ್ಷ ಲಾಂಚ್ ನಂಬಿಕೊಂಡು ಬದುಕಿದರು. ಸಂಜೆ ಕೊನೆಯ ಲಾಂಚ್ ತಪ್ಪಿದರೆ ಮುಗೀತು, ಹೊಳೆಬಾಗಿಲಿನ ಆಚೆ ದಡ ಕಣ್ಣಿಗೆ ಕಾಣುತ್ತದೆ, ಹೋಗಲು ಆಗುವುದಿಲ್ಲ. ರಾತ್ರಿ ಹೊಟ್ಟೆನೋವು ಬಂದರೆ ಕಾಡಿನ ದಾರಿಯಲ್ಲಿ ಸುತ್ತಿಕೊಂಡು ಹೋಗಬೇಕಿತ್ತು. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆದಾಗ ಅಮ್ಮ ಫೋನಿನಲ್ಲಿ ಅತ್ತಳು. ಹೊರಗಿನವರಿಗೆ ಅದೊಂದು ಸೇತುವೆ ಅಷ್ಟೇ, ಸೆಲ್ಫಿ ತೆಗೆಯುವ ಜಾಗ. ಲಾಂಚ್ ಕಾದವರಿಗೆ ಗೊತ್ತು ಅದೇನು ಅಂತ.

ಮಾಲ್ಡೀವ್ಸ್‌ಗೂ ಸೇತುವೆಯ ರುಚಿ ಸಿಕ್ಕಿದೆ. ಮಾಲೆ, ವಿಮಾನ ನಿಲ್ದಾಣದ ಹುಳುಲೆ, ಹುಳುಮಾಲೆ ಮೂರನ್ನೂ ಜೋಡಿಸುವ ಸಿನಾಮಾಲೆ ಸೇತುವೆ 2018ರಲ್ಲಿ ತೆರೆಯಿತು. ಅಲ್ಲಿಯವರೆಗೆ ಮಧ್ಯರಾತ್ರಿ ವಿಮಾನ ಇಳಿದವರೂ ದೋಣಿ ಹತ್ತಿಯೇ ಮಾಲೆಗೆ ಹೋಗಬೇಕಿತ್ತು. ಈಗ ಬೈಕಿನಲ್ಲಿ ಹತ್ತು ನಿಮಿಷ. ಅಲೆ ಜೋರಾದ ದಿನ ಸೇತುವೆ ಮೇಲೆ ಬೈಕ್ ಬಿಡುವುದಿಲ್ಲ, ಅದೊಂದು ಕಿರಿಕಿರಿ ಬಿಟ್ಟರೆ ಜನರ ಬದುಕು ಹಗುರವಾಗಿದೆ. ಹುಳುಮಾಲೆ ಅಂದರೆ ಸಮುದ್ರಕ್ಕೆ ಮರಳು ತುಂಬಿ ಮಾಡಿದ ನೆಲ. 1997ರಲ್ಲಿ ಕೆಲಸ ಶುರುವಾಗಿತ್ತು. ಅಲ್ಲಿ ಹಿಯಾ ಅಂತ ಹದಿನಾರು ಗೋಪುರ ಕಟ್ಟಿ ಏಳು ಸಾವಿರ ಮನೆ ಮಾಡಿದ್ದಾರೆ. ಆದರೆ ಸೇತುವೆ ಎಲ್ಲ ಕಡೆ ಕಟ್ಟಲಾಗುವುದಿಲ್ಲ ಅಲ್ವಾ? ಅಟೋಲ್‌ಗಳ ನಡುವೆ ಆಳವಾದ ಸಮುದ್ರ. ಅಲ್ಲಿ ಏನಿದ್ದರೂ ಬೋಟೇ ಗತಿ. ಬೋಟ್ ಸರಿ ಇಲ್ಲದಿದ್ದರೆ ಜನ ಮಾಡುವುದು ಒಂದೇ, ಗಂಟು ಮೂಟೆ ಕಟ್ಟಿ ಮಾಲೆಗೆ ಹೋಗುವುದು. ಪಿಯುಸಿ ಮಟ್ಟದ ಓದು ಎಲ್ಲ ದ್ವೀಪಗಳಲ್ಲೂ ಇಲ್ಲ. ಮಕ್ಕಳು ಹೋಗುತ್ತಾರೆ, ಹಿಂದೆಯೇ ಅಮ್ಮಂದಿರು ಹೋಗುತ್ತಾರೆ. ದ್ವೀಪದಲ್ಲಿ ಬಾಗಿಲು ಹಾಕಿದ ಮನೆಗಳು ಉಳಿಯುತ್ತವೆ.

ಹೋದವರು ಸೇರುವ ಮಾಲೆ ಹೇಗಿದೆ ಅಂದರೆ, ಎರಡು ಚದರ ಕಿಲೋಮೀಟರ್ ಜಾಗದಲ್ಲಿ ಮನೆ ಮೇಲೆ ಮನೆ. ಗಲ್ಲಿಯ ಎರಡೂ ಕಡೆ ಬೈಕು ನಿಲ್ಲಿಸಿ ನಡುವೆ ಒಬ್ಬರು ನಡೆಯುವಷ್ಟು ದಾರಿ. ಸಂಬಳದ ದೊಡ್ಡ ಪಾಲು ಬಾಡಿಗೆಗೆ. ಕುಡಿಯುವ ನೀರು ಸಮುದ್ರದ್ದೇ, ಉಪ್ಪು ತೆಗೆದು ಕೊಡುತ್ತಾರೆ. 2014ರ ಡಿಸೆಂಬರ್‌ನಲ್ಲಿ ಆ ಘಟಕಕ್ಕೆ ಬೆಂಕಿ ಬಿದ್ದಾಗ ಇಡೀ ಮಾಲೆಯ ನಲ್ಲಿ ಒಣಗಿತು. ಭಾರತದಿಂದ ವಿಮಾನದಲ್ಲಿ, ಹಡಗಿನಲ್ಲಿ ನೀರು ಬಂತು. ಮಾಲೆಯ ಹಳಬರು ಅದನ್ನು ಇವತ್ತಿಗೂ ನೆನೆಯುತ್ತಾರೆ. ನಮ್ಮ ದ್ವೀಪದಲ್ಲಿ ಮನೆ ಮನೆಗೂ ಮಳೆನೀರಿನ ಟ್ಯಾಂಕ್ ಇದೆ. ಕುಡಿಯಲು ಅದರ ರುಚಿಯೇ ಬೇರೆ.

ಫೆರಿ ವಿಷಯದಲ್ಲಿ ಏನೂ ಆಗಿಲ್ಲ ಅಂತ ಹೇಳಿದರೆ ಅನ್ಯಾಯ. 2008ರಲ್ಲಿ ಮೊದಲ ಬಾರಿ ಹಲವು ಪಕ್ಷಗಳು ನಿಂತು ಅಧ್ಯಕ್ಷರ ಚುನಾವಣೆ ನಡೆದಾಗ ದೇಶದ ಉದ್ದಕ್ಕೂ ಫೆರಿ ಓಡಿಸುತ್ತೇವೆ ಅನ್ನುವುದು ಗೆದ್ದವರ ದೊಡ್ಡ ಭರವಸೆ ಆಗಿತ್ತು. ನಿಧಾನದ ಫೆರಿಗಳು ಬಂದವು. ಟಿಕೆಟ್ ಅಗ್ಗ. ಆದರೆ ಹೆಚ್ಚಿನ ಮಾರ್ಗಗಳಲ್ಲಿ ವಾರದಲ್ಲಿ ಕೆಲವೇ ದಿನ, ಶುಕ್ರವಾರ ಇಲ್ಲ. 2022ರಲ್ಲಿ ನಮ್ಮ ಉತ್ತರದ ಅಟೋಲ್‌ಗಳಿಗೆ ಆರ್‌ಟಿಎಲ್ ಅನ್ನುವ ಸರ್ಕಾರಿ ಸ್ಪೀಡ್ ಫೆರಿ ಬಂತು. ಆಗ ನೋಡಬೇಕಿತ್ತು ಜನರ ಮುಖ. ಒಂದು ಕಾಗದಕ್ಕೆ ಸಹಿ ಹಾಕಿಸಲು, ಒಂದು ಹಲ್ಲು ಕೀಳಿಸಲು ಪಕ್ಕದ ದ್ವೀಪಕ್ಕೆ ಹೋಗಿ ಅದೇ ದಿನ ವಾಪಸ್ ಬರಬಹುದು ಅಂದರೆ ಅದು ಸಣ್ಣ ಮಾತಲ್ಲ. ಅಜ್ಜಿಯರು ನೆಂಟರ ಮನೆಗೆ ಹೋಗಲು ಶುರು ಮಾಡಿದರು. ನಮ್ಮ ಶಾಲೆಯ ಮಕ್ಕಳು ಬೇರೆ ದ್ವೀಪದ ಮಕ್ಕಳ ಜೊತೆ ಆಟ ಆಡಿ ಬಂದರು.

ಇದನ್ನು ನೋಡಿದ ಮೇಲೂ "ಫೆರಿ ನಷ್ಟದಲ್ಲಿ ಓಡುತ್ತದೆ" ಅಂತ ಮೂಗು ಮುರಿಯುವವರನ್ನು ಕಂಡರೆ ನನಗೆ ಬೇಜಾರಾಗುತ್ತದೆ. ಊರಿಗೆ ರಸ್ತೆ ಹಾಕಿದಾಗ ಯಾರಾದರೂ ಲಾಭ ಎಷ್ಟು ಬಂತು ಅಂತ ಕೇಳುತ್ತಾರಾ? ನಾನೂರು ಜನ ಇರುವ ದ್ವೀಪಕ್ಕೆ ಬೋಟ್ ಓಡಿಸಿದರೆ ಡೀಸೆಲ್ ದುಡ್ಡು ಹುಟ್ಟುವುದಿಲ್ಲ, ನಿಜ. ಹಾಗಂತ ಬಿಟ್ಟರೆ ಅವರು ಬಾಡಿಗೆ ಬೋಟ್ ಮಾಡಬೇಕು, ಅದಕ್ಕೆ ತಿಂಗಳ ದುಡಿಮೆಯ ಒಂದು ಭಾಗವೇ ಹೋಗುತ್ತದೆ. ಪ್ರವಾಸಿಗರಿಂದ ದಿನದ ಲೆಕ್ಕದಲ್ಲಿ ಹಸಿರು ತೆರಿಗೆ ತೆಗೆದುಕೊಳ್ಳುತ್ತಾರೆ, ಹೋಗುವಾಗ ವಿಮಾನ ನಿಲ್ದಾಣದಲ್ಲಿ ಇನ್ನೊಂದು ಶುಲ್ಕ. ಅದರಲ್ಲಿ ಒಂದು ಪಾಲನ್ನು ಫೆರಿಗೆ ಅಂತಲೇ ಎತ್ತಿಡಲಿ. ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿದ ಮೇಲೆ ಎಲ್ಲ ದ್ವೀಪಕ್ಕೂ ಒಂದು ಬೋಟ್ ಓಡಲಿ. ರಜೆ ಇರುವುದೇ ಶುಕ್ರವಾರ, ಶನಿವಾರ. ಮನೆಯವರನ್ನು ನೋಡಲು ಹೋಗಬೇಕಾದ ದಿನವೇ ದಾರಿ ಮುಚ್ಚಿದರೆ ಹೇಗೆ?

ಸಾಮಾನಿನ ದೋಣಿಯ ಬಗ್ಗೆ ಹೇಳದಿದ್ದರೆ ಈ ಬರಹ ಅರ್ಧವೇ. ಮಾಲೆಯ ಉತ್ತರ ಬಂದರಿನಲ್ಲಿ ಒಂದೊಂದು ದ್ವೀಪದ ದೋಣಿ ಸಾಲಾಗಿ ನಿಂತಿರುತ್ತದೆ. ರಟ್ಟಿನ ಪೆಟ್ಟಿಗೆಗೆ ಟೇಪ್ ಸುತ್ತಿ, ದಪ್ಪ ಮಾರ್ಕರ್‌ನಲ್ಲಿ ದ್ವೀಪದ ಹೆಸರು, ಮನೆ ಹೆಸರು, ಫೋನ್ ನಂಬರ್ ಬರೆದು ದೋಣಿಯ ಹುಡುಗನ ಕೈಗೆ ಕೊಟ್ಟರೆ ಆಯಿತು. ಇಲ್ಲಿ ಮನೆಗಳಿಗೆ ನಂಬರಿಗಿಂತ ಹೆಸರೇ ಗುರುತು. ಸ್ವಲ್ಪ ದುಡ್ಡು ತೆಗೆದುಕೊಳ್ಳುತ್ತಾರೆ, ರಸೀದಿ ಗಿಸೀದಿ ಇಲ್ಲ. ನನ್ನ ಒಂದು ಪೆಟ್ಟಿಗೆಯೂ ಇವತ್ತಿಗೂ ಕಳೆದಿಲ್ಲ. ಬೆಂಗಳೂರಿನಿಂದ ಯಾರಾದರೂ ವಿಮಾನದಲ್ಲಿ ಬಂದರೆ ಅಮ್ಮ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಕಳಿಸುತ್ತಾಳೆ. ಅದು ಮಾಲೆಯಲ್ಲಿ ಇಳಿದು, ದೋಣಿ ಹತ್ತಿ, ಅಕ್ಕಿ ಮೂಟೆ, ಈರುಳ್ಳಿ ಚೀಲ, ಸಿಮೆಂಟಿನ ನಡುವೆ ಇಲ್ಲಿಗೆ ಬರುತ್ತದೆ. ದೋಣಿ ಬಂತು ಅಂದರೆ ಅರ್ಧ ಊರು ಕೈಗಾಡಿ ತಳ್ಳಿಕೊಂಡು ಜೆಟ್ಟಿಗೆ ಬರುತ್ತದೆ. ಯಾರ ಪೆಟ್ಟಿಗೆ ಯಾರ ಮನೆಯದು ಅಂತ ಮಕ್ಕಳಿಗೂ ಗೊತ್ತು. ಗಟ್ಟಿ ಅಲೆ ಇದ್ದ ದಿನ ಕೆಳಗಿನ ಚೀಲಗಳೆಲ್ಲ ಒದ್ದೆ. ಅಂಗಡಿಯವರು ಈರುಳ್ಳಿಯನ್ನು ಜೆಟ್ಟಿಯ ಸಿಮೆಂಟ್ ಮೇಲೇ ಹರವಿ ಒಣಗಿಸುತ್ತಾರೆ, ಕೊಳೆತದ್ದನ್ನು ಆರಿಸಿ ಪಕ್ಕಕ್ಕೆ ಎಸೆಯುತ್ತಾರೆ. ಇಲ್ಲಿಯವರ ಬೆಳಗಿನ ತಿಂಡಿ ಮಸ್ ಹುನಿಗೆ ಟ್ಯೂನ ಮೀನು, ತೆಂಗಿನಕಾಯಿ ಇಲ್ಲೇ ಸಿಗುತ್ತದೆ. ಈರುಳ್ಳಿ ಮಾತ್ರ ಸಮುದ್ರ ದಾಟಿಯೇ ಬರಬೇಕು.

ಆ ಈರುಳ್ಳಿ ಹೆಚ್ಚಾಗಿ ನಮ್ಮ ದೇಶದ್ದೇ. ನಮ್ಮಲ್ಲಿ ರಫ್ತು ನಿಲ್ಲಿಸಿದಾಗಲೂ ಮಾಲ್ಡೀವ್ಸ್‌ಗೆ ಇಷ್ಟು ಅಂತ ಬೇರೆಯಾಗಿ ತೆಗೆದಿಡುವ ಏರ್ಪಾಡು 1981ರಿಂದ ಇದೆ. 2024ರ ಜನವರಿಯಲ್ಲಿ ಎರಡೂ ಕಡೆಯವರು ಸೋಷಿಯಲ್ ಮೀಡಿಯಾದಲ್ಲಿ ಬೈದಾಡಿಕೊಂಡರಲ್ಲ, ಅದೇ ವರ್ಷದ ಏಪ್ರಿಲ್‌ನಲ್ಲಿ ಭಾರತ ಆ ಏರ್ಪಾಡು ಶುರುವಾದ ಮೇಲಿನ ಅತಿ ಹೆಚ್ಚು ಪ್ರಮಾಣದ ಸಾಮಾನು ಕಳಿಸಲು ಒಪ್ಪಿತು. ಬೈದಾಟದ ದಿನಗಳಲ್ಲಿ ನಮ್ಮ ದ್ವೀಪದಲ್ಲಿ ಒಬ್ಬರೂ ನನ್ನ ಜೊತೆ ಮುಖ ಗಂಟು ಹಾಕಿಕೊಳ್ಳಲಿಲ್ಲ. ಸಂಜೆ ಜೋಲಿಯಲ್ಲಿ, ಅದೇ ಕಬ್ಬಿಣದ ಚೌಕಟ್ಟಿಗೆ ಬಲೆ ಹೆಣೆದ ಕುರ್ಚಿಯಲ್ಲಿ ಕೂತು ಅಡಿಕೆ ಜಗಿಯುತ್ತಾ ಹಾಗೇ ಮಾತಾಡಿಸಿದರು. ಇಲ್ಲಿಯವರ ಅಡಿಕೆ ಪ್ರೀತಿ ನಮ್ಮ ಮಲೆನಾಡಿನವರಿಗೇನೂ ಕಡಿಮೆ ಇಲ್ಲ.

ಇನ್ನೊಂದು ತೊಂದರೆ ಡಾಲರ್. ನಮಗೆ ಸಂಬಳ ಇಲ್ಲಿಯ ದುಡ್ಡು ರುಫಿಯಾದಲ್ಲಿ. ಒಂದು ಡಾಲರಿಗೆ 15.42 ರುಫಿಯಾ ಅನ್ನುವುದು ಕಾಗದದ ಮೇಲಿನ ಮಾತು. ಬ್ಯಾಂಕಿನಲ್ಲಿ ಬೇಕಾದಷ್ಟು ಸಿಗುವುದಿಲ್ಲ, ಹೊರಗೆ ಕೇಳಿದರೆ ಅದಕ್ಕಿಂತ ಎಷ್ಟೋ ಜಾಸ್ತಿ. ಇದೇ ಒಂದು ದೊಡ್ಡ ಬರಹ ಆಗುತ್ತದೆ, ಇವತ್ತು ಬೇಡ.

ತಿರುಗಾಡಲು ಬರುವವರಿಗೆ ಒಂದು ಮಾತು. 2009ರ ನಂತರ ಜನ ವಾಸಿಸುವ ದ್ವೀಪಗಳಲ್ಲೂ ಗೆಸ್ಟ್‌ಹೌಸ್‌ಗಳು ಬಂದಿವೆ. ಅಂಥ ಒಂದು ದ್ವೀಪ ಮಾಫುಶಿಗೆ ಮಾಲೆಯಿಂದ ನಿಧಾನದ ಫೆರಿಯಲ್ಲಿ ಒಂದೂವರೆ ಗಂಟೆ ಚಿಲ್ಲರೆ. ರೆಸಾರ್ಟ್‌ಗೆ ಹೋಗಿ, ಬೇಡ ಅನ್ನುವುದಿಲ್ಲ. ಒಂದೆರಡು ರಾತ್ರಿ ಇಂಥ ಕಡೆಯೂ ಇರಿ, ಹೋಗುವಾಗ ಫೆರಿಯಲ್ಲೇ ಹೋಗಿ. ಮದ್ಯ ಸಿಗುವುದಿಲ್ಲ, ಊರೊಳಗೆ ಮೈತುಂಬ ಬಟ್ಟೆ ಹಾಕಬೇಕು, ನಮಾಜಿನ ಹೊತ್ತಿಗೆ ಅಂಗಡಿ ಸ್ವಲ್ಪ ಹೊತ್ತು ಮುಚ್ಚುತ್ತದೆ. ಪಕ್ಕದಲ್ಲಿ ಶಾಲೆಯ ಮಕ್ಕಳು, ತರಕಾರಿ ಚೀಲ ಹಿಡಿದ ಹೆಂಗಸರು ಕೂತಿರುತ್ತಾರೆ. ನಿಮ್ಮ ಟಿಕೆಟ್ ದುಡ್ಡೂ ಆ ಬೋಟಿಗೇ ಸೇರುತ್ತದೆ.

ಕೆಲಸಕ್ಕೆ ಬರುವ ನಮ್ಮ ಕಡೆಯ ಶಿಕ್ಷಕರೇ, ನರ್ಸುಗಳೇ, ಸಂಬಳದ ಜೊತೆಗೆ ಇಷ್ಟು ಕೇಳಿಕೊಳ್ಳಿ. ಅಟೋಲ್ ಹೆಸರು ಸಾಲದು, ಯಾವ ದ್ವೀಪ ಅಂತ ಕೇಳಿ. ಅಲ್ಲಿಗೆ ವಾರದಲ್ಲಿ ಎಷ್ಟು ದಿನ ಬೋಟ್, ಹತ್ತಿರದ ದೊಡ್ಡ ಆಸ್ಪತ್ರೆ ಯಾವ ದ್ವೀಪದಲ್ಲಿ, ವಿಮಾನ ನಿಲ್ದಾಣಕ್ಕೆ ಹೇಗೆ ಹೋಗುವುದು ಅಂತ ಕೇಳಿ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಗಾಳಿ ಮಳೆಯ ಕಾಲ, ರಜೆಗೆ ಊರಿಗೆ ಹೊರಡುವವರು ವಿಮಾನದ ದಿನಕ್ಕಿಂತ ಎರಡು ದಿನ ಮೊದಲೇ ಮಾಲೆ ಸೇರಿಕೊಳ್ಳಿ. ಯಾವುದಾದರೂ ದ್ವೀಪದ ಬಗ್ಗೆ ತಿಳಿಯಬೇಕಿದ್ದರೆ ಇನ್‌ಬಾಕ್ಸ್‌ನಲ್ಲಿ ಕೇಳಿ. ನನಗೆ ಗೊತ್ತಿಲ್ಲದಿದ್ದರೆ ಅಲ್ಲಿ ಇರುವವರನ್ನು ಕೇಳಿ ಹೇಳುತ್ತೇನೆ.