ಪೀಪಾಯಿ ಪುರಾಣ

ಬೋರ್ಬನ್ ಅಂದರೆ ನನಗೆ ಬಿಸ್ಕತ್ತು. ಎರಡು ಕಂದು ಪಟ್ಟಿ, ನಡುವೆ ಚಾಕೊಲೇಟ್ ಕ್ರೀಮು, ಮೇಲೆ ಸಕ್ಕರೆ ಹರಳು. ಅರವತ್ತು ದಾಟಿದ ಮೇಲೂ ಈ ತಿಳಿವಳಿಕೆಗೆ ಧಕ್ಕೆ ಬಂದಿರಲಿಲ್ಲ. ಆಮೇಲೆ ಮಗಳ ಸಂಸಾರ ಅಮೆರಿಕದ ಕೆಂಟಕಿಗೆ ಹೋಯಿತು. ನಾವಿಬ್ಬರೂ ಲೂಯಿವಿಲ್‌ನ ಅವರ ಮನೆ ಸೇರಿದ ಮೊದಲ ಶನಿವಾರವೇ ಅಳಿಯ ಕೇಳಿದ: "ಮಾವ, ಬೋರ್ಬನ್ ಮಾಡೋದು ನೋಡ್ಕೊಂಡು ಬರೋಣ್ವಾ?" ಬಿಸ್ಕತ್ತಿನ ಫ್ಯಾಕ್ಟರಿ ಅಂದುಕೊಂಡೇ ನಾನು ಹೂಂ ಅಂದೆ. ಈ ಮಾತನ್ನು ನನ್ನ ಹೆಂಡತಿ ಇವತ್ತಿಗೂ ನಂಬುವುದಿಲ್ಲ. ನೀವಾದರೂ ನಂಬಿ.

ಹೆಸರಿನ ಮೂಲ ಒಂದೇ, ಫ್ರಾನ್ಸಿನ ರಾಜಮನೆತನ. ಇಂಗ್ಲೆಂಡಿನವರು ಅದನ್ನು ಬಿಸ್ಕತ್ತಿಗೆ ಇಟ್ಟರು. ಸ್ವಾತಂತ್ರ್ಯ ಯುದ್ಧದಲ್ಲಿ ಫ್ರೆಂಚರು ಕೈ ಹಿಡಿದರೆಂದು ಅಮೆರಿಕನ್ನರು 1785ರಲ್ಲಿ ಒಂದು ಕೌಂಟಿಗೆ ಇಟ್ಟರು. ಕಡೆಗೆ ಅದೇ ಹೆಸರು ವಿಸ್ಕಿಗೂ ಅಂಟಿಕೊಂಡಿತು. ಹೇಗೆ ಅಂಟಿತು ಅನ್ನುವುದಕ್ಕೆ ಅಲ್ಲಿ ಊರಿಗೊಂದು ಕಥೆ ಇದೆ. ಫ್ರಾನ್ಸಿನಲ್ಲಿ ರಾಜವಂಶ ಮುಳುಗಿತು. ಬಿಸ್ಕತ್ತು, ವಿಸ್ಕಿ ಎರಡೂ ತೇಲುತ್ತಿವೆ.

ಬಾರ್ಡ್ಸ್‌ಟೌನ್ ಕಡೆ ಹೋಗುವಾಗ ದೂರದಿಂದ ಕಂಡದ್ದು ಗುಡ್ಡದ ಮೇಲಿನ ಎತ್ತರದ ಗೋದಾಮುಗಳು. ಗೋಡೆಗಳೆಲ್ಲ ಮಸಿ ಬಳಿದ ಹಾಗೆ ಕಪ್ಪು. ಸುತ್ತಲಿನ ಮರಗಳ ಕಾಂಡವೂ ಕಪ್ಪು. "ಅಯ್ಯೋ, ಬೆಂಕಿ ಬಿದ್ದಿತ್ತಾ?" ಅಂದಳು ನನ್ನವಳು. ಬೆಂಕಿಯಲ್ಲ, ಅದೊಂದು ಬೂಷ್ಟು. ಪೀಪಾಯಿಗಳಿಂದ ಗಾಳಿಗೆ ಸೇರುವ ಆವಿಯೇ ಅದಕ್ಕೆ ಊಟ. ಸುತ್ತಮುತ್ತಲ ಮನೆಯವರು ವರ್ಷಕ್ಕೊಮ್ಮೆ ಗೋಡೆ ತೊಳೆದು ಗೊಣಗುತ್ತಾರಂತೆ. ಕುಡಿದದ್ದು ಬೂಷ್ಟು, ತೊಳೆಯುವ ಕೆಲಸ ಮನೆಯವರದು. ಎಲ್ಲ ಊರಿನಲ್ಲೂ ಇದೇ ಕಥೆ, ಅಲ್ವಾ?

ಒಳಗೆ ಹೋದರೆ ಅರ್ಧ ಅಡುಗೆಮನೆ. ಮುಸುಕಿನ ಜೋಳದ ಹಿಟ್ಟನ್ನು ದೊಡ್ಡ ಹಂಡೆಯಲ್ಲಿ ಬೇಯಿಸುತ್ತಾರೆ. ಬೋರ್ಬನ್ ಅನ್ನಿಸಿಕೊಳ್ಳಬೇಕಾದರೆ ಧಾನ್ಯದಲ್ಲಿ ನೂರಕ್ಕೆ 51 ಪಾಲಾದರೂ ಮುಸುಕಿನ ಜೋಳವೇ ಇರಬೇಕೆಂದು ಕಾನೂನು. ಮಿಕ್ಕಿದ್ದು ರೈ, ಬಾರ್ಲಿ, ಕೆಲವರದ್ದು ಗೋಧಿ. ಮೇಕರ್ಸ್ ಮಾರ್ಕ್ ಅನ್ನುವ ಬೋರ್ಬನ್ ಶುರು ಮಾಡಿದ ಬಿಲ್ ಸ್ಯಾಮ್ಯುಯೆಲ್ಸ್ ಯಾವ ಧಾನ್ಯ ಎಷ್ಟು ಅಂತ ಗೊತ್ತಾಗಲು ಬೇರೆ ಬೇರೆ ಅಳತೆಯಲ್ಲಿ ಬ್ರೆಡ್ ಸುಟ್ಟು ತಿಂದು ನೋಡಿದನಂತೆ. ವರ್ಷಗಟ್ಟಲೆ ಕಾಯುವ ಬದಲು ಮಧ್ಯಾಹ್ನಕ್ಕೇ ಉತ್ತರ. ಸೀಸೆಯ ಕತ್ತಿನ ಮೇಲೆ ಕೆಂಪು ಅರಗು ಇಳಿಬಿಡುವ ಉಪಾಯ ಅವನ ಹೆಂಡತಿ ಮಾರ್ಜಿಯದ್ದು. ಆಕೆ ಅದನ್ನು ಮೊದಲು ಮಾಡಿ ನೋಡಿದ್ದೂ ಮನೆಯ ಅಡುಗೆ ಪಾತ್ರೆಯಲ್ಲೇ.

ಹುಳಿ ಬರುವ ತೊಟ್ಟಿಯ ಹತ್ತಿರ ನನ್ನವಳು ಮೂಗು ಚುರುಕು ಮಾಡಿದಳು. "ರೀ, ಇದು ದೋಸೆ ಹಿಟ್ಟು ಉಕ್ಕಿದ ವಾಸನೆ ಕಣ್ರೀ." ನಿಜ. ಹಿಂದಿನ ಭಟ್ಟಿಯಲ್ಲಿ ಉಳಿದ ಹುಳಿ ನೀರನ್ನು ಮುಂದಿನ ಹಿಟ್ಟಿಗೆ ಸ್ವಲ್ಪ ಸುರಿಯುತ್ತೇವೆ ಅಂತ ಅಲ್ಲಿನ ಹುಡುಗಿ ವಿವರಿಸಿದಳು. "ಹೆಪ್ಪು!" ಅಂದಳು ಇವಳು. ಪೂರ್ತಿ ಹೆಪ್ಪಲ್ಲ. ಅದರಲ್ಲಿ ಜೀವ ಇರುವುದಿಲ್ಲ, ಬೇಡದ ಕ್ರಿಮಿ ಬರದ ಹಾಗೆ ಕಾಯಲು ಹುಳಿ ಮಾತ್ರ ಇರುತ್ತದೆ. ಆದರೆ ಅಷ್ಟು ಹೊತ್ತಿಗೆ ಇಬ್ಬರೂ ಗೆಳತಿಯರಾಗಿದ್ದರು. ನಾನು ತಿದ್ದಲು ಹೋಗಲಿಲ್ಲ.

ಭಟ್ಟಿಯಿಂದ ಇಳಿದದ್ದು ನೋಡಿದರೆ ತಿಳಿನೀರು. ಬಣ್ಣವೂ ಇಲ್ಲ, ಗತ್ತೂ ಇಲ್ಲ. ಬೋರ್ಬನ್ನಿನ ಬಣ್ಣವೆಲ್ಲ ಪೀಪಾಯಿಯದ್ದು. ಹೊರಗಿನಿಂದ ಒಂದು ತೊಟ್ಟು ಬಣ್ಣ ಹಾಕುವ ಹಾಗಿಲ್ಲ. ಪೀಪಾಯಿ ಓಕ್ ಮರದ್ದೇ ಆಗಬೇಕು, ಹೊಸದಾಗಿರಬೇಕು, ಒಳಗೆ ಬೆಂಕಿ ಹಚ್ಚಿ ಸುಟ್ಟಿರಬೇಕು. ಜೋರಾಗಿ ಸುಟ್ಟರೆ ಒಳಮೈ ಮೊಸಳೆಯ ಬೆನ್ನಿನ ಹಾಗೆ ಬಿರಿಯುತ್ತದೆ. ಆ ಸುಟ್ಟ ಮರದಲ್ಲಿರುವ ಸಕ್ಕರೆ, ವೆನಿಲ್ಲಾ ವಾಸನೆಯೇ ವಿಸ್ಕಿಗೆ ಬರುವುದು. ಬೇಸಿಗೆಯಲ್ಲಿ ಹಿಗ್ಗಿ ಮರದೊಳಕ್ಕೆ ಇಳಿಯುತ್ತದೆ, ಚಳಿಗೆ ಕುಗ್ಗಿ ಈಚೆ ಬರುತ್ತದೆ. ಹೀಗೆ ನಾಲ್ಕು, ಆರು, ಹನ್ನೆರಡು ವರ್ಷ. ಯಾರೂ ಏನೂ ಮಾಡುವ ಹಾಗಿಲ್ಲ. ಸುಮ್ನೆ ಕಾಯಬೇಕು. ಕೆಂಟಕಿಯಲ್ಲಿ ಜನರಿಗಿಂತ ಹೀಗೆ ಕಾಯುತ್ತಾ ಮಲಗಿರುವ ಪೀಪಾಯಿಗಳೇ ಜಾಸ್ತಿ.

ನಮ್ಮಜ್ಜಿಯ ಉಪ್ಪಿನಕಾಯಿ ಭರಣಿ ನೆನಪಾಯಿತು. ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಕತ್ತಲೆ ಕೋಣೆಯಲ್ಲಿ ಇಟ್ಟಿರುತ್ತಿದ್ದಳು. ಅಲ್ಲೂ ಹಾಗೆಯೇ ಒಂದಿಷ್ಟು ಕಡಿಮೆಯಾಗುತ್ತಿತ್ತು. ಅಜ್ಜಿಯ ಲೆಕ್ಕದಲ್ಲಿ ಅದು ನಾನು ಮತ್ತು ನನ್ನ ತಮ್ಮ. ಕೆಂಟಕಿಯವರ ಲೆಕ್ಕದಲ್ಲಿ ದೇವತೆಗಳು. ಆವಿಯಾಗಿ ಹೋಗುವ ಭಾಗಕ್ಕೆ ಅವರು ದೇವತೆಗಳ ಪಾಲು ಅನ್ನುತ್ತಾರೆ; ವರ್ಷಕ್ಕೆ ನೂರಕ್ಕೆ 3ರಿಂದ 5. ಒಂದು ಸಲ ಮಾತ್ರ ಲೆಕ್ಕ ತಪ್ಪಿತು. 1996ರ ನವೆಂಬರ್‌ನಲ್ಲಿ ಬಾರ್ಡ್ಸ್‌ಟೌನ್‌ನ ಹೆವನ್ ಹಿಲ್ ಕಂಪನಿಯಲ್ಲಿ ಬೆಂಕಿ ಬಿದ್ದು ಸುಮಾರು 90,000 ಪೀಪಾಯಿ ಉರಿದುಹೋದವು. ಉರಿಯುವ ವಿಸ್ಕಿ ಹೊಳೆಯಾಗಿ ಇಳಿಜಾರಿನಲ್ಲಿ ಹರಿಯಿತಂತೆ. ಕಂಪನಿಯ ಹೆಸರೋ, ಸ್ವರ್ಗದ ಗುಡ್ಡ!

ಇಷ್ಟೆಲ್ಲ ಮಾಡಿದ ಪೀಪಾಯಿಗೆ ಎರಡನೇ ಸಲ ಬೋರ್ಬನ್ ತುಂಬುವ ಹಾಗಿಲ್ಲ. ಹೊಸದೇ ಬೇಕೆಂದು ಕಾನೂನಲ್ಲವೇ. ಹಾಗಾಗಿ ಹಳೆಯವು ಹಡಗು ಹತ್ತಿ ಸ್ಕಾಟ್ಲೆಂಡಿಗೆ ಹೋಗುತ್ತವೆ, ಮೆಕ್ಸಿಕೋಗೆ ಹೋಗುತ್ತವೆ. ಬೆಂಗಳೂರಿಗೂ ಬರುತ್ತವೆ. ನಮ್ಮ ಅಮೃತ್ ಕಂಪನಿಯವರು ತಮ್ಮ ಸಿಂಗಲ್ ಮಾಲ್ಟನ್ನು ಇಂಥ ಪೀಪಾಯಿಗಳಲ್ಲೂ ಇಡುತ್ತಾರೆ. 2004ರಲ್ಲಿ ಅದನ್ನು ಮೊದಲು ಮಾರಲು ಹೋದದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋಗೇ, ಮದ್ದೂರಿಗೆ ವಡೆ ಮಾರಲು ಹೋದ ಹಾಗೆ. ಬೆಂಗಳೂರಿನ ಹವೆಗೆ ವರ್ಷಕ್ಕೆ ನೂರಕ್ಕೆ 10-12 ಪಾಲು ಆರಿ ಹೋಗುತ್ತದೆ. ಅವರ ಒಂದು ವಿಸ್ಕಿಯ ಹೆಸರೇ ಗ್ರೀಡಿ ಏಂಜೆಲ್ಸ್. ನಮ್ಮ ಕಡೆಯ ದೇವತೆಗಳಿಗೆ ಮೊದಲಿಂದಲೂ ನೈವೇದ್ಯ ಜಾಸ್ತಿಯೇ ಬೇಕು.

ಹಾಗಾದರೆ ಕಾಯುವ ತಾಳ್ಮೆ ಇಲ್ಲದವರು? ಅವರು ಅದೇ ತಿಳಿನೀರನ್ನು ಗಾಜಿನ ಉಪ್ಪಿನಕಾಯಿ ಬಾಟಲಿಗೆ ತುಂಬಿ ಅದೇ ರಾತ್ರಿ ಮಾರುತ್ತಿದ್ದರು. ಅಪಲೇಷಿಯನ್ ಬೆಟ್ಟಗಳ ಕಣಿವೆಯಲ್ಲಿ, ತೊರೆಯ ಪಕ್ಕ, ತಾಮ್ರದ ಹಂಡೆ ಹೂಡಿ, ಹೊಗೆ ಕಾಣದ ಹಾಗೆ ಕತ್ತಲಲ್ಲಿ ಕಾಸುತ್ತಿದ್ದರು. ನಮ್ಮವರು ಇದಕ್ಕೆ ಕಳ್ಳಭಟ್ಟಿ ಅಂದರು. ಅವರು ಮೂನ್‌ಶೈನ್ ಅಂದರು, ಅಂದರೆ ಬೆಳದಿಂಗಳು. ನಮ್ಮಲ್ಲಿ ಬೆಳದಿಂಗಳಿಗೆ ಊಟ, ಅವರಲ್ಲಿ ಕುಡಿತ. ತಾಮ್ರ ಸಿಗದವರು ಹಳೆಯ ಕಾರಿನ ರೇಡಿಯೇಟರ್ ಜೋಡಿಸಿ, ಅದರ ಸೀಸ ಇಳಿದು ಕುಡಿದವರ ಜೀವ ತೆಗೆದದ್ದೂ ಉಂಟು. ಈ ಬೆಳದಿಂಗಳಲ್ಲಿ ಕಾವ್ಯ ಹುಡುಕುವವರು ಅದನ್ನೂ ಸ್ವಲ್ಪ ನೆನಪಿಟ್ಟುಕೊಳ್ಳಬೇಕು.

ಕಳ್ಳತನವೆಲ್ಲ ತೆರಿಗೆಯದ್ದು. 1791ರಲ್ಲಿ ವಿಸ್ಕಿಗೆ ತೆರಿಗೆ ಬಿತ್ತು. ಪೆನ್ಸಿಲ್ವೇನಿಯಾದ ರೈತರು ದಂಗೆ ಎದ್ದರು. ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ 1794ರಲ್ಲಿ ಸೈನ್ಯವನ್ನೇ ಕಟ್ಟಿಕೊಂಡು ಹೋದ. ಅಧಿಕಾರ ಮುಗಿಸಿ 1797ರಲ್ಲಿ ಊರಿಗೆ ಬಂದವನು ಮಾಡಿದ್ದೇನು? ಸ್ವಂತ ಭಟ್ಟಿ ಹಾಕಿಸಿದ! 1920ರಿಂದ 1933ರವರೆಗೆ ಇಡೀ ದೇಶಕ್ಕೆ ಪಾನನಿಷೇಧ ಬಂತು. ಆಗ ಕೆಲವೇ ಕಂಪನಿಗಳಿಗೆ ಔಷಧಿಯ ಹೆಸರಲ್ಲಿ ವಿಸ್ಕಿ ಮಾರುವ ಪರವಾನಗಿ. ಡಾಕ್ಟರ ಚೀಟಿ ಇದ್ದರೆ ಔಷಧಿ, ಇಲ್ಲದಿದ್ದರೆ ಅಪರಾಧ. ಬೆಟ್ಟದ ಹುಡುಗರು ಕಾರಿನ ಎಂಜಿನ್ ತಿದ್ದಿ, ರಾತ್ರಿ ದೀಪ ಆರಿಸಿ, ಅಬಕಾರಿಯವರ ಕೈಗೆ ಸಿಗದ ಹಾಗೆ ಸರಕು ಸಾಗಿಸಿದರು. ನಾಸ್ಕಾರ್ ರೇಸಿನ ಮೊದಲ ತಲೆಮಾರಿನಲ್ಲಿ ಹೀಗೆ ಓಡಿಸಿ ಪಳಗಿದವರು ಹಲವರಿದ್ದರು. ಅವರಲ್ಲೊಬ್ಬ ಜೂನಿಯರ್ ಜಾನ್ಸನ್ ಅಪ್ಪನ ಭಟ್ಟಿಯ ಹತ್ತಿರ ಸಿಕ್ಕಿಬಿದ್ದು ಜೈಲಿಗೆ ಹೋದ. ರಸ್ತೆಯಲ್ಲಿ ಅವನನ್ನು ಹಿಡಿದವರೇ ಇಲ್ಲವಂತೆ.

ಈಗ ಟೆನೆಸ್ಸಿಯ ಅಂಗಡಿಗಳಲ್ಲಿ ಮೂನ್‌ಶೈನ್ ಅಂತಲೇ ಚೀಟಿ ಅಂಟಿಸಿ, ತೆರಿಗೆ ಕಟ್ಟಿ, ಬಿಲ್ಲು ಹಾಕಿ ಮಾರುತ್ತಾರೆ. ತೆರಿಗೆ ಕಟ್ಟಿದ ಕಳ್ಳಭಟ್ಟಿ! ನಮ್ಮೂರ ಹಳೆಯ ಅಬಕಾರಿ ಗಾರ್ಡು ನೋಡಿದ್ದರೆ ತಲೆ ತಿರುಗಿ ಬೀಳುತ್ತಿದ್ದ.

ನೀವು ಕುಡಿದಿರಾ ಅಂತ ಕೇಳುತ್ತೀರಿ. ಕಡೆಯಲ್ಲಿ ಚಿಕ್ಕ ಲೋಟದಲ್ಲಿ ಕೊಟ್ಟರು. ನಾನು ಮೂಸಿ ನೋಡಿ, ನಾಲಿಗೆಗೆ ಮುಟ್ಟಿಸಿ, ಅಳಿಯನ ಕಡೆ ಸರಿಸಿದೆ. ಮೊದಲು ಆಲೆಮನೆ, ಆಮೇಲೆ ಬೆಂಕಿ. ನನ್ನವಳು ನನ್ನ ನಾಲಿಗೆಯನ್ನೇ ನೋಡುತ್ತಿದ್ದಳು.

ಬರುವಾಗ ಮಗಳು ಅರ್ಧಕ್ಕೆ ಕೊಯ್ದ ಹಳೆಯ ಪೀಪಾಯಿಯೊಂದನ್ನು ಗಿಡಕ್ಕೆಂದು ಕೊಂಡಳು. ಕರಿಬೇವು ಅದರಲ್ಲಿ ಸೊಂಪಾಗಿ ಚಿಗುರಿದೆ. ಚಳಿಗಾಲ ಬಂದರೆ ಅಳಿಯ ಅದನ್ನು ಗಾಲಿಯ ಮೇಲೆ ಮನೆಯೊಳಕ್ಕೆ ನೂಕುತ್ತಾನೆ. ನನ್ನವಳು ಮಾತ್ರ ಒಗ್ಗರಣೆಗೆ ಹಾಕುವ ಮುಂಚೆ ಎಲೆಗಳನ್ನು ಮೂರು ಸಲ ತೊಳೆಯುತ್ತಿದ್ದಳು. ಏಕಾದಶಿ ದಿನವಂತೂ ಅದರ ತಂಟೆಗೇ ಹೋಗುತ್ತಿರಲಿಲ್ಲ.