ಶೇಡ್ ಕಾರ್ಡಿನ ಕೊನೆಯ ಪುಟ

ಬಣ್ಣದಂಗಡಿಯವರು ಕೊಡುವ ಶೇಡ್ ಕಾರ್ಡು ಮಧ್ಯಮ ವರ್ಗದ ಮನಸ್ಸಿನ ಜಾತಕವಿದ್ದಂತೆ. ಮೊದಲ ಪುಟಗಳಲ್ಲಿ ಹತ್ತಾರು ಬಗೆಯ ಬಿಳಿ: ಹಾಲಿನ ಬಿಳಿ, ದಂತದ ಬಿಳಿ, ಮುತ್ತಿನ ಬಿಳಿ, ಮಜ್ಜಿಗೆಗೆ ಚಿಟಿಕೆ ಅರಿಸಿನ ಬಿದ್ದಂಥ ಬಿಳಿ. ಆ ಪುಟಗಳ ಅಂಚೆಲ್ಲ ಕೈಬೆವರಿಗೆ ಮಾಸಿರುತ್ತದೆ. ಕೊನೆಯ ಪುಟಗಳಲ್ಲಿ ನವಿಲಿನ ಕತ್ತಿನ ನೀಲಿ, ಬಾಳೆಯೆಲೆಯ ಹಸಿರು, ದಾಸವಾಳದ ಕೆಂಪು, ನೇರಳೆಹಣ್ಣಿನ ಕಡುಬಣ್ಣ. ಅಲ್ಲಿ ಕಾಗದ ಇನ್ನೂ ಗರಿಗರಿ. ಆ ಪುಟದವರೆಗೆ ಯಾರೂ ಹೋಗುವುದಿಲ್ಲವೆಂದಲ್ಲ. ಹೋಗುತ್ತಾರೆ, ಒಂದು ಗಳಿಗೆ ನಿಲ್ಲುತ್ತಾರೆ, ‘ಇದನ್ನ ಒಂದೇ ಒಂದು ಗೋಡೆಗೆ ಹೊಡೆಸಿದ್ರೆ...’ ಎಂದು ಅರ್ಧ ಮಾತಾಡಿ ಪುಟ ಹಿಂದಕ್ಕೆ ತಿರುವುತ್ತಾರೆ. ಉಳಿದರ್ಧವನ್ನು ಪೇಂಟರ್ ಮುಗಿಸುತ್ತಾನೆ: ‘ರೂಮು ಕತ್ಲೆ ಆಗೋಗುತ್ತೆ ಸಾರ್. ಐವರಿ ಹಾಕ್ಬಿಡಿ, ಸೇಫು.’

ತಮಾಷೆಯೆಂದರೆ, ಒಂದು ಗೋಡೆಗೆ ಕಡುನೀಲಿ ಹೊಡೆಸಲು ಹತ್ತು ವರ್ಷ ಮೀನಮೇಷ ಎಣಿಸುವ ಮನೆಯೇ ಅಡುಗೆಮನೆಗೂ ಹಾಲಿಗೂ ನಡುವಿನ ಗೋಡೆಯನ್ನು ಒಂದು ಭಾನುವಾರ ಒಡೆಸಿಹಾಕುತ್ತದೆ. ಓಪನ್ ಕಿಚನ್ ಬೇಕಲ್ಲ! ಕಂಬಗಳಿಲ್ಲದ ಹಳೆಯ ಮನೆಯಾದರೆ 9 ಇಂಚಿನ ಆ ಗೋಡೆಯೇ ತಾರಸಿಗೆ ಹೆಗಲು ಕೊಟ್ಟಿರುತ್ತದೆ. ಕಂಬ, ಬೀಮುಗಳ ಕಟ್ಟಡದಲ್ಲಿ ನಾಲ್ಕೂವರೆ ಇಂಚಿನ ಗೋಡೆ ಬಹುಪಾಲು ಬರೀ ಮರೆ. ಆದರೂ ಅದರ ಹೊಟ್ಟೆಯೊಳಗೆ ವೈರಿನ ಪೈಪು, ನೀರಿನ ಪೈಪು ಓಡಾಡಿಕೊಂಡಿರುತ್ತವೆ. ಒಬ್ಬ ಸ್ಟ್ರಕ್ಚರಲ್ ಇಂಜಿನಿಯರನ್ನು ಕೇಳೋಣ ಎಂದು ಅಲ್ಲಿ ಯಾರಿಗೂ ಹೊಳೆಯುವುದಿಲ್ಲ. ಅಳುಕಬೇಕಾದಲ್ಲಿ ಅಳುಕಿಲ್ಲ, ಬೇಡದಲ್ಲಿ ಕೈಕಾಲು ನಡುಗುತ್ತದೆ. ‘ಬೇಡವೆನಿಸಿದರೆ ಮೊದಲಿನ ಹಾಗೆ ಮಾಡಲು ಎಷ್ಟಾಗುತ್ತದೆ?’ ಎಂದು ಕೇಳಿಕೊಂಡರೆ ಸಾಕು, ಯಾವ ಸಾಹಸಕ್ಕೆ ಎಷ್ಟು ಹೆದರಬೇಕೆಂದು ತಿಳಿಯುತ್ತದೆ. ಕಡುಬಣ್ಣದ ಗೋಡೆಯಾದರೆ ಒಂದು ಕೋಟು ಪ್ರೈಮರು, ಎರಡು ಮೂರು ಕೋಟು ತಿಳಿಬಣ್ಣ, ಎರಡು ದಿನದ ಕೂಲಿ. ಒಡೆದ ಗೋಡೆಯ ಲೆಕ್ಕ ಮೇಸ್ತ್ರಿಯೇ ಹೇಳಲಿ.

ಕಡುಬಣ್ಣದ ಗೋಡೆ ಈಚೆಗೆ ಬಂದ ಶೋಕಿಯೂ ಅಲ್ಲ. ಮಲೆನಾಡಿನ ದೀವರ ಮನೆಗಳಲ್ಲಿ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಹಸೆ ಚಿತ್ತಾರ ಬರೆಯುತ್ತಿದ್ದರು, ಈಗಲೂ ಬರೆಯುವವರಿದ್ದಾರೆ. ಕಪ್ಪಿಗೆ ಸುಟ್ಟ ಅಕ್ಕಿ, ಹಳದಿಗೆ ಗುರಿಗೆ ಕಾಯಿ, ಕುಂಚಕ್ಕೆ ಪುಂಡಿ ನಾರು. ಹಿನ್ನೆಲೆ ಕಡುಗೆಂಪಾಗಿರುವುದರಿಂದಲೇ ಆ ಎಳೆಗಳು ಅಷ್ಟು ಹೊಳೆಯುವುದು. ಐವರಿ ಗೋಡೆಯ ಮೇಲೆ ಅದೇ ಚಿತ್ತಾರ ಬರೆದರೆ ಹಾಲಿಗೆ ಸುಣ್ಣ ಬೆರೆಸಿದಂತೆ. ಕಾಲಡಿಯಲ್ಲಿ ಕೆಂಪು ಗಾರೆ ನೆಲ, ಬಾಗಿಲಿಗೆ ಹಸಿರು ಎಣ್ಣೆ ಬಣ್ಣ, ಹೊಸ್ತಿಲಿಗೆ ಅರಿಸಿನ ಕುಂಕುಮ. ಅಜ್ಜಿಯ ಮನೆಗೆ ಬಣ್ಣದ ಭಯ ಇರಲಿಲ್ಲ.

ಪೇಂಟರ್ ಹೇಳುವ ಕತ್ತಲೆ ಪೂರ್ತಿ ಸುಳ್ಳೂ ಅಲ್ಲ. ಅಚ್ಚಬಿಳಿ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲನ್ನು ಹಿಂದಿರುಗಿಸಿದರೆ, ಕಡುನೀಲಿ ಹತ್ತನ್ನೂ ಕೊಡುವುದಿಲ್ಲ. ಹಾಗಾಗಿ ಯಾವ ಗೋಡೆ ಎಂಬುದೇ ಮೊದಲ ಪ್ರಶ್ನೆ. ಕಿಟಕಿ ಇರುವ ಗೋಡೆಗೇ ಹೊಡೆಸಿದರೆ ಕೋಣೆಯ ಬೆಳಕು ಅಷ್ಟೇನೂ ಕಡಿಮೆಯಾಗುವುದಿಲ್ಲ, ನಿಜ. ಆದರೆ ಹಿಂದಿನಿಂದ ಬೆಳಕು ಬರುವುದರಿಂದ ಹಗಲಲ್ಲಿ ಅದು ಕರಿಹಲಗೆಯಂತೆ ಕಾಣುತ್ತದೆ, ಕಿಟಕಿ ಕಣ್ಣಿಗೆ ಚುಚ್ಚುತ್ತದೆ. ಕಿಟಕಿಯ ಪಕ್ಕದ ಗೋಡೆಗಾದರೆ ಬೆಳಕು ಓರೆಯಾಗಿ ಉಜ್ಜಿಕೊಂಡು ಹೋಗಿ ಪ್ಲಾಸ್ಟರಿನ ಒಂದೊಂದು ಉಬ್ಬನ್ನೂ ತಗ್ಗನ್ನೂ ಜಗಜ್ಜಾಹೀರು ಮಾಡುತ್ತದೆ. ಎದುರು ಗೋಡೆಯಲ್ಲಿ ಬೆಳಕು ನೇರ ಬೀಳುತ್ತದೆ, ಬಣ್ಣ ನಿಜಬಣ್ಣವಾಗಿ ತೋರುತ್ತದೆ, ಗೋಡೆಯ ಐಬು ಮುಚ್ಚಿಹೋಗುತ್ತದೆ. ಕೋಣೆ ಸ್ವಲ್ಪ ಬೆಳಕು ಕಳೆದುಕೊಳ್ಳುತ್ತದೆ; ಅದಕ್ಕೆ ಇನ್ನೊಂದು ದೀಪ ಹಾಕಿಕೊಂಡರಾಯಿತು. ಎದುರು ಗೋಡೆಗೇ ನಮ್ಮ ಮತ.

ಶೇಡ್ ಕಾರ್ಡಿನ ಎರಡಿಂಚಿನ ಚೌಕ ನೋಡಿ ಬಣ್ಣ ಆರಿಸುವುದು ಪಾಸ್‌ಪೋರ್ಟ್ ಫೋಟೋ ನೋಡಿ ಮದುವೆಯಾದ ಹಾಗೆ. ಗೋಡೆ ತುಂಬ ಹರಡಿದಾಗ ಅದೇ ಬಣ್ಣ ಇನ್ನೂ ಗಾಢವಾಗಿ ಕಾಣುತ್ತದೆ. ಚಿಕ್ಕ ಸ್ಯಾಂಪಲ್ ಡಬ್ಬಿ ತಂದು ಎರಡಡಿ ಚದರದ ದಪ್ಪ ರಟ್ಟಿಗೆ ಎರಡು ಕೋಟು ಬಳಿದು ಮೂರು ದಿನ ಆ ಗೋಡೆಗೆ ಒರಗಿಸಿಡಬೇಕು. ಗೋಡೆಗೇ ಬಳಿದು ನೋಡಿದರೆ ಸುತ್ತಲಿನ ಹಳೆಯ ಬಣ್ಣ ಕಣ್ಣು ಕಟ್ಟುತ್ತದೆ. ಬೆಳಿಗ್ಗೆ, ನಡುಹಗಲು, ರಾತ್ರಿ ದೀಪ ಹಾಕಿದ ಮೇಲೆ ನೋಡಬೇಕು. 6500 ಕೆಲ್ವಿನ್ನಿನ ಬೆಳ್ಳನೆ ಟ್ಯೂಬಿನಡಿ ನವಿಲುನೀಲಿಯಾಗಿರುವುದು 2700 ಕೆಲ್ವಿನ್ನಿನ ಹಳದಿ ಬಲ್ಬಿನಡಿ ಹಸಿರಿಗೆ ವಾಲುತ್ತದೆ. ಬಣ್ಣ ಬದಲಿಸಬೇಕೆನ್ನಿಸುವ ಎಷ್ಟೋ ಮನೆಗಳಲ್ಲಿ ಬಲ್ಬು ಬದಲಿಸಿದರೆ ಸಾಕಾಗುತ್ತದೆ.

ಇನ್ನು ಕೆಲಸ. 12 ಅಡಿ ಅಗಲ, ಒಂಬತ್ತೂವರೆ ಅಡಿ ಎತ್ತರದ ಗೋಡೆ ಎಂದಿಟ್ಟುಕೊಳ್ಳಿ; 114 ಚದರಡಿ. ಒಳ್ಳೆಯ ಎಮಲ್ಷನ್ ಒಂದು ಲೀಟರಿಗೆ ಒಂದು ಕೋಟಿನಲ್ಲಿ ಸುಮಾರು 120 ಚದರಡಿ ಮುಚ್ಚುತ್ತದೆ. ಕಡುಬಣ್ಣಕ್ಕೆ ಮೂರು ಕೋಟು ಎಂದರೂ ಮೂರು ಲೀಟರು. 4 ಲೀಟರಿನ ಡಬ್ಬಿ ತಂದರೆ ಮುಂದೆ ಸೋಫಾ ತಗುಲಿ ಕಿತ್ತುಬಂದ ಕಡೆ ತೇಪೆಗೂ ಉಳಿಯುತ್ತದೆ. ಎರಡು ಡಬ್ಬಿ ತಂದಿದ್ದರೆ ಮೊದಲು ಎರಡನ್ನೂ ಒಂದೇ ಬಕೆಟ್ಟಿಗೆ ಸುರಿದು ಕಲಕಬೇಕು. ಯಂತ್ರದಲ್ಲೇ ಬೆರೆಸಿದ್ದರೂ ಡಬ್ಬಿಯಿಂದ ಡಬ್ಬಿಗೆ ಕೂದಲೆಳೆಯ ವ್ಯತ್ಯಾಸ ಇರುತ್ತದೆ, ಆ ಕೂದಲೆಳೆ ಗೋಡೆಯ ನಡುಮಧ್ಯೆ ಗೆರೆಯಾಗಿ ನಿಲ್ಲುತ್ತದೆ.

ಮೊದಲು ತೇವದ ಪರೀಕ್ಷೆ. ಒಂದಡಿ ಚದರದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಗೋಡೆಗೆ ಅಂಟಿಸಿ ಎರಡು ದಿನ ಬಿಡಿ. ಗೋಡೆಯ ಕಡೆಗೆ ಹನಿಗಟ್ಟಿದ್ದರೆ ಬಣ್ಣದ ಮಾತು ಬಿಟ್ಟು ಸೋರಿಕೆ ಹುಡುಕಬೇಕು. ಗೋಡೆ ಕಕ್ಕುವ ಉಪ್ಪು ಐವರಿಯ ಮೇಲೆ ಕಾಣುವುದಿಲ್ಲ. ಕಡುನೀಲಿಯ ಮೇಲೆ ಮುಖಕ್ಕೆ ಪೌಡರ್ ಮೆತ್ತಿದಂತೆ ಬೆಳ್ಳಗೆ ಎದ್ದು ನಿಲ್ಲುತ್ತದೆ. ಹೊಸ ಪ್ಲಾಸ್ಟರಿಗೆ ಕಡಿಮೆಯೆಂದರೆ 28 ದಿನ ಕೊಡಬೇಕು. ಆಮೇಲೆ ರಾತ್ರಿ ದೀಪ ಆರಿಸಿ, ಟಾರ್ಚನ್ನು ಗೋಡೆಗೆ ಒತ್ತಿಹಿಡಿದು ಉದ್ದಕ್ಕೂ ಬೆಳಕು ಹಾಯಿಸಿ. ಹುಣ್ಣಿಮೆ ಚಂದ್ರನಷ್ಟೇ ಕುಳಿಗಳು ನಮ್ಮ ಹಾಲಿನ ಗೋಡೆಯಲ್ಲೂ ಇವೆಯೆಂದು ಗೊತ್ತಾಗುವುದು ಆಗ. ಪೆನ್ಸಿಲ್ಲಿನಲ್ಲಿ ಸುತ್ತುಹಾಕಿ, ಪುಟ್ಟಿ ಎಳೆಸಿ, ಒಣಗಿದ ಮೇಲೆ 180 ನಂಬರಿನ ಎಮರಿ ಪೇಪರಿನಲ್ಲಿ, ಕೊನೆಗೆ 320ರಲ್ಲಿ ಉಜ್ಜಿಸಿ. ಉಜ್ಜಿದ ದೂಳನ್ನು ಒದ್ದೆ ಬಟ್ಟೆಯಲ್ಲಿ ಒರೆಸದೆ ಬಿಟ್ಟರೆ ಪ್ರೈಮರು ದೂಳಿಗೆ ಅಂಟುತ್ತದೆಯೇ ಹೊರತು ಗೋಡೆಗಲ್ಲ. ಮುಂದೊಂದು ದಿನ, ಅಂಚಿಗೆ ಬಣ್ಣ ತಾಗದಂತೆ ಹಚ್ಚುವ ಮಾಸ್ಕಿಂಗ್ ಟೇಪಿನ ಜೊತೆ ಬಣ್ಣವೂ ಚಕ್ಕೆಯಾಗಿ ಎದ್ದುಬರುತ್ತದೆ.

ಕೆಂಪು ಮತ್ತು ಹಳದಿ ಬಣ್ಣಗಳದ್ದು ಇನ್ನೊಂದು ಕಾಟ. ಬಣ್ಣಕ್ಕೆ ಅಡಿಯದನ್ನು ಮುಚ್ಚುವ ಕಸುವು ಬಹುಮಟ್ಟಿಗೆ ಬರುವುದು ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿಪುಡಿಯಿಂದ. ಅದನ್ನು ಹೆಚ್ಚು ಹಾಕಿದರೆ ಕೆಂಪು ಕೆಂಪಾಗಿ ಉಳಿಯದೆ ಸ್ಟ್ರಾಬೆರಿ ಮಿಲ್ಕ್‌ಶೇಕ್ ಆಗುತ್ತದೆಂದು ಕಡುಬಣ್ಣದ ಬೇಸಿನಲ್ಲಿ, ಅಂದರೆ ಬಣ್ಣ ಬೆರೆಸುವ ಮೂಲದ್ರವದಲ್ಲಿ, ಅದು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ನೀಲಿ, ಹಸಿರುಗಳು ತಮ್ಮ ಗಾಢತೆಯಿಂದಲೇ ಹೇಗೋ ಮುಚ್ಚಿಕೊಳ್ಳುತ್ತವೆ. ಕೆಂಪು, ಹಳದಿಗಳು ಮಾತ್ರ ನಾಲ್ಕು ಕೋಟು ಕುಡಿದರೂ ಪಟ್ಟೆಪಟ್ಟೆ. ಬಿಳಿ ಪ್ರೈಮರಿನ ಮೇಲೆ ನೇರ ಹೊಡೆಯದೆ, ಕೆಂಪಿನ ಕೆಳಗೆ ಬೂದುಬಣ್ಣದ ಒಂದು ಕೋಟು ಕೊಟ್ಟರೆ ಎರಡು ಕೋಟಿನ ಖರ್ಚು ಉಳಿಯುತ್ತದೆ. ಇದನ್ನು ಪೇಂಟರಿಗೆ ಹೇಳಿದರೆ ‘ಬೂದಿ ಬಣ್ಣ ಯಾಕೆ ಮೇಡಂ, ಅಪಶಕುನ’ ಎಂದಾನು. ಹೊಡೆಸಿ.

ರೋಲರ್ ಒಂದು ಮೂಲೆಯಿಂದ ಹೊರಟರೆ ಇನ್ನೊಂದು ಮೂಲೆ ಮುಟ್ಟುವತನಕ ಟೀ ಬ್ರೇಕ್ ಇರಬಾರದು. ಹಸಿ ಅಂಚಿಗೆ ಹಸಿ ಬಣ್ಣ ಕೂಡಬೇಕು. ಅರೆ ಒಣಗಿದ ಅಂಚಿಗೆ ಕೂಡಿದರೆ ಅಲ್ಲೊಂದು ದಪ್ಪ ಪಟ್ಟೆ. ಬೇಸಿಗೆಯಲ್ಲಿ ಫ್ಯಾನು ಆರಿಸಿ ಹೊಡೆಯುವುದು ಇದಕ್ಕೇ. ಪಕ್ಕದ ಬಿಳಿಗೋಡೆ ಕೂಡುವ ಮೂಲೆಯಲ್ಲಿ ಮಾಸ್ಕಿಂಗ್ ಟೇಪು ಹಚ್ಚಿ, ಟೇಪಿನ ಅಂಚಿಗೆ ಮೊದಲು ಆ ಬಿಳಿಯನ್ನೇ ತೆಳ್ಳಗೆ ಒಂದು ಸಲ ಸವರಿ. ಸಂದಿಯಲ್ಲಿ ನುಗ್ಗುವುದಿದ್ದರೆ ಬಿಳಿಯೇ ನುಗ್ಗಿ ಸಂದಿ ಮುಚ್ಚುತ್ತದೆ, ಮೇಲಿನ ನೀಲಿಗೆ ದಾರಿ ಇರುವುದಿಲ್ಲ. ಕೊನೆಯ ಕೋಟು ಪೂರ್ತಿ ಒಣಗುವ ಮುನ್ನವೇ ಟೇಪನ್ನು ಓರೆಯಾಗಿ ಎಳೆಯಬೇಕು. ಮಾರನೆಯ ದಿನ ಕೀಳೋಣವೆಂದರೆ ಹಲ್ಲುಹಲ್ಲಾಗಿ ಹರಿಯುತ್ತದೆ. ಹೊಳಪಿನ ಬಣ್ಣ ಬೇಡ, ಅದು ಟಾರ್ಚಿನ ಕೆಲಸವನ್ನು ದಿನವಿಡೀ ಮಾಡುತ್ತದೆ, ಮ್ಯಾಟ್ ಇರಲಿ. ಮ್ಯಾಟ್ ಗೋಡೆಗೆ ಎಣ್ಣೆತಲೆ ಒರಗಿಸುವ ಮಾವನವರಿದ್ದರೆ ಅಲ್ಲೊಂದು ಪುಸ್ತಕದ ಕಪಾಟು ಇಡುವುದು. ಬಣ್ಣದ ನಂಬರನ್ನು ಸ್ವಿಚ್ ಬೋರ್ಡಿನ ತಟ್ಟೆಯ ಬೆನ್ನಿಗೆ ಬರೆದಿಡಿ. ಡಬ್ಬಿ ಕಳೆಯಬಹುದು, ಸ್ವಿಚ್ ಬೋರ್ಡು ಎಲ್ಲಿಗೂ ಹೋಗುವುದಿಲ್ಲ.

ವಾಲ್‌ಪೇಪರ್ ಆಸೆಯವರು ಸೋಲುವುದು ಲೆಕ್ಕದಲ್ಲಿ. ಒಂದು ಸುರುಳಿ ಸಾಮಾನ್ಯವಾಗಿ 53 ಸೆಂಟಿಮೀಟರ್ ಅಗಲ, 10 ಮೀಟರ್ ಉದ್ದ. ಅಂದರೆ 57 ಚದರಡಿ. ಮೇಲೆ ಹೇಳಿದ ಗೋಡೆಗೆ ಎರಡು ಸುರುಳಿ ಕರಾರುವಾಕ್ಕಾಗಿ ಸಾಕು ಎನ್ನುತ್ತದೆ ಗುಣಾಕಾರ. ಗೋಡೆ ಹಾಗೆನ್ನುವುದಿಲ್ಲ. ಒಂದು ಸುರುಳಿಯಲ್ಲಿ ಆ ಎತ್ತರದ ಮೂರೇ ಪಟ್ಟಿ ಬರುತ್ತವೆ, ಗೋಡೆಗೆ ಬೇಕು ಏಳು. ಹೂಬಳ್ಳಿಯ ದೊಡ್ಡ ವಿನ್ಯಾಸವಾದರೆ ಬಳ್ಳಿಗೆ ಬಳ್ಳಿ ಕೂಡಿಸುವಾಗ ಕತ್ತರಿಸಿ ಎಸೆಯುವುದೇ ಬಹಳ, ನಾಲ್ಕು ಸುರುಳಿಯೂ ಬೇಕಾದೀತು. ಕರಾವಳಿಯ ಮಳೆಗಾಲದಲ್ಲಿ ಅಂಟು ಸಡಿಲವಾಗಿ, ಕಾಗದದ ಹಿಂದೆ ಬೂಷ್ಟು ಸಂಸಾರ ಹೂಡುತ್ತದೆ. ಅಲ್ಲಿ ಇದರ ಗೊಡವೆ ಬೇಡ.

ಕೆಂಪು ನೆಲದ ಕನಸು ಕಾಣುವವರು ಈಗ ಹೆಚ್ಚುತ್ತಿದ್ದಾರೆ. ಹಳೆಯ ಮನೆಗಳ ಆ ತಣ್ಣನೆಯ, ಮುಖ ಕಾಣುವ ಗಾರೆ ನೆಲ! ಇದು ಮಾತ್ರ ನಿಜಕ್ಕೂ ಹೆದರಬೇಕಾದ ಕೆಲಸ, ಏಕೆಂದರೆ ಇಲ್ಲಿ ತೇಪೆಗೆ ಅವಕಾಶವೇ ಇಲ್ಲ. ಒಂದು ಕೋಣೆಗೆ ಬೇಕಾದ ಸಿಮೆಂಟು, ರೆಡ್ ಆಕ್ಸೈಡ್ ಪುಡಿ ಎರಡನ್ನೂ ಒಣಗಿದ್ದಾಗಲೇ ಜರಡಿ ಹಿಡಿದು ಒಟ್ಟಿಗೆ ಬೆರೆಸಿಕೊಳ್ಳಬೇಕು. ಇವತ್ತೊಂದಿಷ್ಟು ನಾಳೆಯೊಂದಿಷ್ಟು ಬೆರೆಸಿದರೆ ನೆಲ ಎರಡು ಬಣ್ಣ. ಕೆಂಪು ಸಾಲದೆಂದು ಪುಡಿ ಸುರಿಯುತ್ತ ಹೋದರೆ, ಸಿಮೆಂಟಿನ ತೂಕದ ನೂರಕ್ಕೆ ಹತ್ತು ದಾಟಿದ ಮೇಲೆ ಮೇಲ್ಪದರದ ಬಲ ಕುಗ್ಗುತ್ತದೆ. ದೊಡ್ಡ ಹಾಲನ್ನು ಒಂದೇ ಹಾಸಾಗಿ ಮಾಡಿಸುವ ಹಟ ಬೇಡ. ಸಿಮೆಂಟು ಒಣಗುವಾಗ ಕುಗ್ಗುವುದು ಅದರ ಸ್ವಭಾವ. ಎಲ್ಲಿ ಬಿರಿಯಬೇಕೆಂದು ನಾವು ಹೇಳದಿದ್ದರೆ ತನ್ನಿಷ್ಟ ಬಂದಲ್ಲಿ ಬಿರಿಯುತ್ತದೆ. ನಾಲ್ಕು ಅಡಿಗೊಂದರಂತೆ ಗಾಜಿನ ಇಲ್ಲವೆ ಹಿತ್ತಾಳೆಯ ಪಟ್ಟಿ ನಿಲ್ಲಿಸಿ ಚೌಕ ಮಾಡಿಸಿದರೆ ಬಿರುಕು ಆ ಪಟ್ಟಿಯ ಮಗ್ಗುಲಲ್ಲೇ ಮರೆಯಾಗಿ ಮುಗಿಯುತ್ತದೆ. ಕರಣೆಯಲ್ಲಿ ಉಜ್ಜಿ ಉಜ್ಜಿ ಹೊಳಪು ಬರಿಸುವ ಗಾರೆಯವರೇ ಈಗ ಅಪರೂಪ. ಅವರು ಮಾಡಿದ ಹಳೆಯ ಕೆಲಸ ನೋಡದೆ ಮುಂಗಡ ಕೊಡಬಾರದು. ಮುಗಿದ ಮೇಲೆ ಏಳು ದಿನ ನೀರು ಕಟ್ಟಿ ನಿಲ್ಲಿಸಬೇಕು. ಮೂರನೆಯ ದಿನ ‘ನಡೆದರೆ ಏನಾಗುತ್ತೆ’ ಎನ್ನುವವರನ್ನು ಊರಿಗೆ ಕಳಿಸಬೇಕು. ಆಮೇಲೆ ಕೊಬ್ಬರಿ ಎಣ್ಣೆ ಇಲ್ಲವೆ ಮೇಣ. ಮೊದಲ ಕೆಲವು ತಿಂಗಳು ಪಾದ, ಬಿಳಿ ಪಂಚೆಯ ಅಂಚು, ಮಗುವಿನ ಮಂಡಿ ಎಲ್ಲ ಕೆಂಪು. ನಿಂಬೆರಸ, ಬಾತ್‌ರೂಮು ತೊಳೆಯುವ ಆ್ಯಸಿಡ್ ಬಿದ್ದರೆ ಕಲೆ ಶಾಶ್ವತ. ಇದ್ದ ಟೈಲ್ಸಿನ ಮೇಲೆಯೇ ಹಾಕಿಸಿದರೆ ನೆಲ ಒಂದೂವರೆ ಎರಡಿಂಚು ಏರಿ, ಬಾಗಿಲುಗಳೆಲ್ಲ ಬಡಗಿಯ ದಾರಿ ಕಾಯುತ್ತವೆ.

ಇನ್ನು ಹಾಲಿನ ನಡುವೆ ತೂಗುಯ್ಯಾಲೆ. ಇದಕ್ಕೆ ಹಿಂಜರಿಯುವವರ ಕಾರಣ ‘ಜಾಗ ಸಾಲದು’. ನಾಲ್ಕಡಿ ಉದ್ದ, ಎರಡಡಿ ಅಗಲ, ಒಂದೂವರೆ ಇಂಚು ದಪ್ಪದ ತೇಗದ ಹಲಗೆ ಅಂದರೆ ಸರಿಯಾಗಿ ಒಂದು ಘನ ಅಡಿ ಮರ, ಸುಮಾರು 18 ಕಿಲೋ. ನೆಲದಿಂದ 16ರಿಂದ 18 ಇಂಚು ಎತ್ತರ. ಹಿಂದೆ ಮುಂದೆ ಮೂರು ಮೂರಡಿ ಬಿಟ್ಟರೆ ಮೆಲ್ಲಗೆ ತೂಗಲು ಸಾಕು. ಜಾಗ ಹೇಗೋ ಆಗುತ್ತದೆ. ಭಯ ಇರಬೇಕಾದದ್ದು ನೆತ್ತಿಯ ಮೇಲಿನ ಕೊಕ್ಕೆಯ ಬಗ್ಗೆ. ಮನೆ ಕಟ್ಟುವಾಗಲೇ ಸ್ಲ್ಯಾಬಿನ ಕಂಬಿಗೆ ಸುತ್ತಿ ಬಿಟ್ಟ ಕೊಕ್ಕೆಯಿದ್ದರೆ ಪುಣ್ಯ. ಇಲ್ಲದಿದ್ದರೆ ಬೀಮಿನಲ್ಲಿ ತೂತು ಕೊರೆದು, ಒಳಗೆ ಹಿಗ್ಗಿ ಕಚ್ಚಿಕೊಳ್ಳುವ ಆ್ಯಂಕರ್ ಬೋಲ್ಟು. ತೂತಿನ ದೂಳನ್ನು ಊದಿ ತೆಗೆಯದೆ ಬೋಲ್ಟು ಬಡಿದರೆ ಅದು ಕಾಂಕ್ರೀಟನ್ನಲ್ಲ, ಹಿಟ್ಟನ್ನು ಹಿಡಿದುಕೊಂಡಿರುತ್ತದೆ. ಡ್ರಿಲ್ಲಿಗೆ ಕಂಬಿ ತಗುಲಿದರೆ ಹಟ ಮಾಡದೆ ಜಾಗ ಬದಲಿಸಬೇಕು. ಹೊಸ ಅಪಾರ್ಟ್‌ಮೆಂಟುಗಳಲ್ಲಿ ಕೆಲವದರ ಸ್ಲ್ಯಾಬಿನೊಳಗೆ ಬಿಗಿದೆಳೆದ ಉಕ್ಕಿನ ಕೇಬಲ್ಲುಗಳಿರುತ್ತವೆ. ನಕ್ಷೆ ನೋಡದೆ ಅಲ್ಲಿ ಒಂದಂಗುಲ ಕೊರೆಯುವುದೂ ಬೇಡ. ಫಾಲ್ಸ್ ಸೀಲಿಂಗಿಗೆ ಉಯ್ಯಾಲೆ ಕಟ್ಟಬಹುದೇ ಎಂದು ಕೇಳುವವರೂ ಇದ್ದಾರೆ. ಅದು ಫ್ಯಾನನ್ನೇ ಹೊರುವುದಿಲ್ಲ.

ಇಬ್ಬರು ಕೂತರೆ 150 ಕಿಲೋ. ಅವರು ಸುಮ್ಮನೆ ಕೂತಿರುವುದಿಲ್ಲವಲ್ಲ, ಒಬ್ಬರು ಧೊಪ್ಪೆಂದು ಕೂತಾಗ ಕೊಕ್ಕೆಗೆ ಬೀಳುವ ಜಗ್ಗು ಅದರ ಎರಡು ಪಟ್ಟನ್ನೂ ಮೀರುತ್ತದೆ. ಬಾಯಿ ತೆರೆದ ಕೊಕ್ಕೆ ಬೇಡ, ಪೂರ್ತಿ ಬಳೆಯಾಗಿರುವುದು ಬೇಕು; ಬೇರಿಂಗ್ ಇರುವುದು ಸಿಕ್ಕರೆ ಕಿರ್ರೆನ್ನುವ ಸದ್ದೂ ಇರುವುದಿಲ್ಲ. ಸರಪಣಿಗೆ ಗ್ರೀಸು ಹಾಕದ ಉಯ್ಯಾಲೆಯ ಸಂಗೀತ ಸ್ಲ್ಯಾಬಿನ ಮೂಲಕ ಮೇಲಿನ ಮನೆಯವರ ಮಂಚಕ್ಕೇ ನೇರ ತಲುಪುತ್ತದೆ. ಯಾರನ್ನೂ ಕೂರಿಸುವ ಮೊದಲು ಹಲಗೆಯ ಮೇಲೆ 50 ಕಿಲೋದ ಏಳು ಸಿಮೆಂಟ್ ಚೀಲ ಪೇರಿಸಿ ಒಂದು ರಾತ್ರಿ ಬಿಡಿ, ಆ ರಾತ್ರಿ ಅದರ ಕೆಳಗೆ ಯಾರೂ ಮಲಗದಂತೆ ನೋಡಿಕೊಳ್ಳಿ. ಬೆಳಿಗ್ಗೆ ಬೋಲ್ಟಿನ ಬುಡದಲ್ಲಿ ಬಿರುಕಿಲ್ಲ, ದೂಳು ಉದುರಿಲ್ಲ, ಬೋಲ್ಟು ಕೂದಲಷ್ಟೂ ಕೆಳಗೆ ಜಾರಿಲ್ಲ ಎಂದಾದರೆ ಚೀಲ ಇಳಿಸಬಹುದು. ಸಿಮೆಂಟು ದಂಡವಾಯಿತೆಂಬ ಚಿಂತೆ ಬೇಡ. ಪಕ್ಕದ ಮನೆಯವರು ಕೇಳಿಕೊಂಡು ಬರುತ್ತಾರೆ, ಮೊನ್ನೆ ಭಾನುವಾರ ಅವರು ಅಡುಗೆಮನೆಯ ಗೋಡೆ ಒಡೆಸಿದ್ದಾರೆ.